ಭರಣಿಗೆ ಆಯಿಲ್, ಉತ್ತರೆಗೆ ಗ್ರೀಸ್

ಉಳುವವನು ಕೂರಬಾರದು ಎನ್ನುವುದು ನಮ್ಮ ಶೆಟ್ಟಿಕೆರೆ ಸೀಮೆಯ ಹಿರಿಯರು ಎಲ್ಲೂ ಬರೆದಿಡದೆ ಪಾಲಿಸಿಕೊಂಡು ಬಂದ ಕಾನೂನು. ನೇಗಿಲ ಹಿಂದೆ ನಡೆಯಬೇಕು, ಕುಂಟೆಯ ಹಿಂದೆ ನಡೆಯಬೇಕು. ಹಲಗೆ ಹೊಡೆಯುವಾಗ ಅದರ ಮೇಲೆ ಮಕ್ಕಳನ್ನು ಕೂರಿಸುತ್ತಿದ್ದುದು ನಿಜ. ಅದು ಮಕ್ಕಳ ಸುಖಕ್ಕಲ್ಲ, ಹಲಗೆಯ ಭಾರಕ್ಕೆ. ಹೀಗಾಗಿ ನಮ್ಮಣ್ಣ ಪವರ್ ಟಿಲ್ಲರ್ ತಂದು ಮನೆ ಮುಂದೆ ಇಳಿಸಿದ ದಿನ ಬೀದಿಯವರು ಅದರ ಎಂಜಿನ್ ನೋಡಲಿಲ್ಲ, ಬ್ಲೇಡು ನೋಡಲಿಲ್ಲ. ಹಿಂದಿನ ಪುಟ್ಟ ಚಕ್ರದ ಮೇಲೆ ಕೂರಿಸಿದ್ದ ಕಬ್ಬಿಣದ ಸೀಟು ನೋಡಿದರು. "ಓಹೋ, ಕೂತ್ಕಂಡು ಹೊಡಿಯೋದು!" ಅಂದರು. ಅಣ್ಣ ಮರುದಿನವೇ ಒಂದು ಹಳೆಯ ಕೊಬ್ಬರಿ ಚೀಲವನ್ನು ನಾಲ್ಕು ಮಡಿಕೆ ಮಾಡಿ ಸೀಟಿನ ಮೇಲೆ ಹಾಕಿ, ಕಬ್ಬಿಣದ ಕಾವನ್ನೂ ತನ್ನ ಮುಜುಗರವನ್ನೂ ಒಟ್ಟಿಗೇ ಮುಚ್ಚಿಬಿಟ್ಟ.

ಊರಿನವರ ಆಕ್ಷೇಪಣೆಗೆ ನಿಜವಾಗಿ ಅರ್ಥವಿರಲಿಲ್ಲ. ಅಣ್ಣ ಆ ಸೀಟಿನ ಮೇಲೆ ಕೂರುವ ಹೊತ್ತಿಗಿಂತ ಟಿಲ್ಲರಿನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂರುವ ಹೊತ್ತೇ ಹೆಚ್ಚು. ಕೈಯಲ್ಲಿ ಸ್ಪ್ಯಾನರ್, ಹೆಗಲ ಮೇಲೆ ವೇಸ್ಟ್ ಬಟ್ಟೆ, ಬಾಯಲ್ಲಿ ಒಂದು ಬೋಲ್ಟು. ಬೋಲ್ಟನ್ನು ಬಾಯಲ್ಲಿ ಇಟ್ಟುಕೊಳ್ಳಬೇಡಿ ಎಂದು ಅತ್ತಿಗೆ ಹೇಳಿದರೆ ಆತ ಉತ್ತರ ಕೊಡುವುದಿಲ್ಲ, ಬಾಯಲ್ಲಿ ಬೋಲ್ಟಿರುತ್ತದಲ್ಲ.

ತೆಂಗಿನ ತೋಟಕ್ಕೆ ಇಷ್ಟೆಲ್ಲ ಯಾಕೆ ಬೇಕು, ಮರ ತಾನೇ ಕಾಯಿ ಬಿಡುತ್ತದಲ್ಲ ಎಂದು ಪೇಟೆಯ ನೆಂಟರು ಕೇಳುವುದುಂಟು. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಕಡೆ ಮೂವತ್ತು ಅಡಿಗೊಂದು ಸಸಿ ಇಟ್ಟರೆ ಎಕರೆಗೆ 48 ಮರ. ಮರ ಮೇಲೆ ಹೋಗಿ ಸಂಸಾರ ಹೂಡುತ್ತದೆ, ಕೆಳಗಿನ ನೆಲವನ್ನೆಲ್ಲ ಗರಿಕೆಗೆ, ಜೇಕಿಗೆ, ಕಾಂಗ್ರೆಸ್ ಗಿಡಕ್ಕೆ ಬಿಟ್ಟುಕೊಡುತ್ತದೆ. ಮೊದಲು ಮನೆಗೆ ನಾಲ್ಕಾರು ದನ ಇದ್ದವು, ಗರಿಕೆಯ ಲೆಕ್ಕ ಅವೇ ನೋಡಿಕೊಳ್ಳುತ್ತಿದ್ದವು. ಈಗ ದನಗಳು ಡೈರಿಯ ಲೆಕ್ಕಕ್ಕೆ ಬಂದು ಕೊಟ್ಟಿಗೆಯಲ್ಲೇ ಕೂತು ತಿನ್ನುತ್ತವೆ. ಅವುಗಳಿಗೂ ಸೀಟು ಸಿಕ್ಕಿದೆ. ಕಾಂಗ್ರೆಸ್ ಗಿಡವನ್ನಂತೂ ಆಡೂ ಮೂಸುವುದಿಲ್ಲ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡ ಈ ಅಮೆರಿಕದ ಕಳೆ ನಮ್ಮ ತೋಟಕ್ಕೆ ಯಾವಾಗ ಬಂತೆಂದು ಯಾರೂ ಬರೆದಿಟ್ಟಿಲ್ಲ, ಆದರೆ ಅಣ್ಣನಿಗಿಂತ ಮೊದಲು ಬಂದಿದೆ. ಆಳು ಹಚ್ಚಿ ಕೀಳಿಸೋಣವೆಂದರೆ ಕಾಯಿಯ ದುಡ್ಡು ಕಳೆಗೇ ಹೋಗುತ್ತದೆ. ಆದ್ದರಿಂದ ಟಿಲ್ಲರ್.

ಹದಿಮೂರು ಹಾರ್ಸ್ ಪವರಿನ, ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್ನು. ಜೊತೆಗೆ ಒಂದು ಪುಸ್ತಕ. ಮನೆಯಲ್ಲಿ ಆಸ್ತಿ ಪಾಲಾಗಿಲ್ಲ, ಆದರೆ ಟಿಲ್ಲರ್ ಬಂದ ದಿನವೇ ಅದು ಪಾಲಾಯಿತು: ಮಿಷನ್ನು ಅಣ್ಣನಿಗೆ, ಪುಸ್ತಕ ನನಗೆ. ಮೇಷ್ಟರ ಕೆಲಸದಿಂದ ನಿವೃತ್ತನಾಗಿ ಊರು ಸೇರಿದವನಿಗೆ ಇನ್ನೇನು ಕೊಡುತ್ತಾರೆ? ನಾನು ಜಗಲಿ ಮೇಲೆ ಕೂತು ಓದಬೇಕು, ಅಣ್ಣ ಅಂಗಳದಲ್ಲಿ ಕೂತು ಕೇಳಬೇಕು, ಕೇಳಿ ತನಗೆ ತೋಚಿದ್ದನ್ನು ಮಾಡಬೇಕು. ಇದು ನಮ್ಮ ಒಪ್ಪಂದ.

ಪುಸ್ತಕದ ಮೊದಲ ಪುಟದಲ್ಲೇ ಜಗಳ ಬಂತು. ಎಂಜಿನ್ ಆಯಿಲನ್ನು ಮೊದಲ ಸಲ 25 ಗಂಟೆಗೆ, ಆಮೇಲೆ ಪ್ರತಿ ನೂರು ಗಂಟೆಗೆ ಬದಲಾಯಿಸಬೇಕು ಎಂದಿತ್ತು. ಪ್ರತಿ ಹತ್ತು ಗಂಟೆಗೆ ಇದು, ಪ್ರತಿ ಐವತ್ತು ಗಂಟೆಗೆ ಅದು. ಪುಸ್ತಕದ ತುಂಬ ಗಂಟೆಗಳು. ಮಿಷನ್ನಿನ ಸುತ್ತ ಎಷ್ಟು ಹುಡುಕಿದರೂ ಗಂಟೆ ತೋರಿಸುವ ಒಂದು ಮುಳ್ಳೂ ಇಲ್ಲ.

"ಗಂಟೆ ಲೆಕ್ಕ ಇಡಬೇಕಂತೆ ಕಣಣ್ಣ."

"ಯಾರು?"

"ನಾವೇ."

"ಸರಿಹೋಯ್ತು. ಇದನ್ನ ಓಡಿಸಬೇಕೋ, ಇದರ ಹಾಜರಿ ಹಾಕಬೇಕೋ?"

ಹಾಜರಿ ಹಾಕುವುದು ನನ್ನ ಹಳೆಯ ಕಸುಬು. ಕೊಟ್ಟಿಗೆಯ ಬಾಗಿಲಿಗೆ ಒಂದು ನೋಟ್ ಪುಸ್ತಕ ಕಟ್ಟಿ, ಹೊರಡುವ ಹೊತ್ತು, ಬರುವ ಹೊತ್ತು ಬರೆಯಲು ಹೇಳಿದೆ. ಅಣ್ಣ ಬರೆದ. ಆದರೆ ಆತ ಬರೆದದ್ದು ಗಂಟೆಯನ್ನಲ್ಲ. 'ಬಾವಿ ಸಾಲಿಂದ ಹುಣಸೆಮರದ ತನಕ' ಎಂದು ಒಂದು ದಿನ. 'ಬೆಳಗ್ಗೆ ತಿಂಡಿಯಿಂದ ಕರೆಂಟು ಬರೋವರೆಗೆ' ಎಂದು ಇನ್ನೊಂದು ದಿನ. ನಮ್ಮ ಹಳ್ಳಿಯ ತ್ರೀ ಫೇಸ್ ಕರೆಂಟು ಬರುವ ಹೊತ್ತನ್ನು ಗಡಿಯಾರಕ್ಕೆ ಹೊಂದಿಸುವ ಗಣಿತ ನನಗೆ ಯಾವ ತರಗತಿಯಲ್ಲೂ ಕಲಿಸಿರಲಿಲ್ಲ. ಡೀಸೆಲ್ ಲೆಕ್ಕದಲ್ಲಿ ಹಿಡಿಯೋಣವೆಂದರೆ ಅದೇ ಡಬ್ಬದಿಂದ ಔಷಧಿ ಹೊಡೆಯುವ ಪಂಪಿಗೂ, ಅತ್ತಿಗೆಯ ನೀರೊಲೆಗೂ ಸ್ವಲ್ಪ ಸ್ವಲ್ಪ ಹೋಗುತ್ತದೆ. ಮರದ ಲೆಕ್ಕ ನೋಡಿದೆವು. ಗಂಟೆಗೆ ಹದಿನೈದು ಮರದ ಸುತ್ತು ಎಂದರೆ ನೂರು ಗಂಟೆಗೆ ಸಾವಿರದೈನೂರು ಮರ. ಲೆಕ್ಕ ಚೊಕ್ಕವಾಗಿತ್ತು, 2016, 17ರ ಬರಗಾಲದಲ್ಲಿ ಸುಳಿ ಒಣಗಿ ಹೋದ ಮರಗಳನ್ನು ಸೇರಿಸಬೇಕೋ ಬೇಡವೋ ಎನ್ನುವಲ್ಲಿ ನಿಂತುಹೋಯಿತು. ಆ ಮಾತು ಬಂದರೆ ಅಣ್ಣ ಎದ್ದು ಹೋಗುತ್ತಾನೆ. ಅದನ್ನು ಅಲ್ಲಿಗೇ ಬಿಟ್ಟೆವು.

ಕೊನೆಗೆ ಅಣ್ಣನೇ ದಾರಿ ಕಂಡುಕೊಂಡ. ಅಂಗಡಿಯವರು ಕೊಟ್ಟ ಗೋಡೆ ಕ್ಯಾಲೆಂಡರ್ ಕೆಳಗಿಳಿಸಿ, ಮಳೆ ನಕ್ಷತ್ರದ ಕಾಲಂ ಮೇಲೆ ಬೆರಳಿಟ್ಟು, "ಓದ್ಕಂಡು ಬಾ, ನಾನು ಹೇಳ್ತೀನಿ" ಅಂದ. ನಾನು ಪುಸ್ತಕದ ಗಂಟೆ ಓದುತ್ತ ಹೋದೆ, ಆತ ಅದಕ್ಕೆ ಮಳೆ ಹಾಕುತ್ತ ಹೋದ. ಅಂದಿನಿಂದ ನಮ್ಮ ಟಿಲ್ಲರಿನ ಸರ್ವೀಸು ಪಂಚಾಂಗದ ಪ್ರಕಾರ ನಡೆಯುತ್ತಿದೆ.

ಏಪ್ರಿಲ್ ಕೊನೆಗೆ ಭರಣಿ ಹುಟ್ಟುತ್ತದೆ. ಭರಣಿ ಹನಿಯುವ ಮುಂಚೆ ಎಂಜಿನ್ ಆಯಿಲ್ ಬದಲಾಗಬೇಕು. ಎಂಜಿನನ್ನು ಹತ್ತು ನಿಮಿಷ ಓಡಿಸಿ, ಆಯಿಲ್ ಬಿಸಿಯಾಗಿ ತೆಳುವಾದ ಮೇಲೆ ಕೆಳಗಿನ ಬೋಲ್ಟು ಬಿಚ್ಚಬೇಕು. ತಣ್ಣಗಿರುವಾಗ ಬಿಚ್ಚಿದರೆ ಹೊಲಸೆಲ್ಲ ತಳದಲ್ಲೇ ಕೂತುಬಿಡುತ್ತದೆ. ಈ ಕೆಲಸ ಗುಟ್ಟಾಗಿ ನಡೆಯುವಂಥದ್ದಲ್ಲ. ಬೀದಿಯಲ್ಲಿ ಯಾರಿಗೂ ಹೇಳಿರುವುದಿಲ್ಲ, ಆದರೂ ಬೋಲ್ಟು ಸಡಿಲಾಗುವ ಹೊತ್ತಿಗೆ ನಾಲ್ಕು ಜನ ಡಬ್ಬ ಹಿಡಿದು ನಿಂತಿರುತ್ತಾರೆ, ದೇವಸ್ಥಾನದಲ್ಲಿ ಪಂಚಾಮೃತಕ್ಕೆ ಲೋಟ ಹಿಡಿದವರ ಹಾಗೆ. ಒಬ್ಬರಿಗೆ ಬೇಲಿ ಗೂಟಕ್ಕೆ ಹತ್ತುವ ಗೆದ್ದಲಿಗೆ ಬಳಿಯಬೇಕು, ಒಬ್ಬರಿಗೆ ಗೇಟಿನ ಕೀಲಿಗೆ, ಇನ್ನೊಬ್ಬರಿಗೆ ಸುಮ್ಮನೆ ಮನೆಯಲ್ಲಿರಲಿ ಎಂದು. ಹಳೆ ಆಯಿಲ್ ಎರಡು ಚಿಲ್ಲರೆ ಲೀಟರ್, ಗಿರಾಕಿಗಳು ಊರ ತುಂಬ. ಇದರಿಂದ ನಮ್ಮ ಟಿಲ್ಲರಿಗೆ ಒಂದು ದೊಡ್ಡ ಉಪಕಾರವಾಗಿದೆ. ಅಣ್ಣ ಮರೆತರೂ ಡಬ್ಬದವರು ಮರೆಯುವುದಿಲ್ಲ. "ಯಾಕಣ್ಣ, ಈ ಸಲ ಆಯಿಲ್ ಇಳಿಸ್ಲಿಲ್ವಾ?" ಎಂದು ಅಶ್ವಿನಿಯಿಂದಲೇ ವಿಚಾರಣೆ ಶುರುವಾಗುತ್ತದೆ. ಯಾವ ಕಂಪನಿಯವರೂ ಗಿರಾಕಿಗೆ ಇಷ್ಟು ಕಟ್ಟುನಿಟ್ಟಾಗಿ ನೆನಪು ಮಾಡಲಾರರು.

ಏರ್ ಕ್ಲೀನರಿಗೆ ಮಾತ್ರ ಮಳೆಯ ಲೆಕ್ಕ ಇಲ್ಲ. ಅದರದು ಧೂಳಿನ ಲೆಕ್ಕ. ನಮ್ಮ ಟಿಲ್ಲರಿನದು ಎಣ್ಣೆಯ ಬಟ್ಟಲಿರುವ ಹಳೆ ಮಾದರಿ. ಒಳಗೆ ಹೋಗುವ ಗಾಳಿ ಮೊದಲು ಎಣ್ಣೆಗೆ ಬಡಿದು ಧೂಳನ್ನು ಅಲ್ಲೇ ಬಿಟ್ಟು ಹೋಗಬೇಕು. ಬೇಸಗೆಯಲ್ಲಿ ಕೆಂಪು ಮಣ್ಣಿನ ಮೇಲೆ ಒಂದು ಬೆಳಗು ಹೊಡೆದರೆ ಬಟ್ಟಲಲ್ಲಿ ಎಣ್ಣೆ ಹೋಗಿ ಕೆಸರು ಕೂತಿರುತ್ತದೆ. ದಿನಾ ಬಿಚ್ಚಿ, ಡೀಸೆಲಿನಲ್ಲಿ ತೊಳೆದು, ಗೆರೆಯ ತನಕ ಹೊಸ ಎಣ್ಣೆ ತುಂಬಬೇಕು. ಗೆರೆ ಮೀರಿದರೆ ಎಂಜಿನ್ನು ಆ ಎಣ್ಣೆಯನ್ನೇ ಎಳೆದುಕೊಂಡು ಹೊಗೆ ಉಗುಳುತ್ತದೆ, ಕಡಿಮೆಯಾದರೆ ಧೂಳು ತಿಂದು ಸಿಲಿಂಡರ್ ಸವೆಸಿಕೊಳ್ಳುತ್ತದೆ. ಇಡೀ ಪುಸ್ತಕದಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ ಎಂದು ನಾನು ಹೇಳುತ್ತೇನೆ. ಬೀದಿಯಲ್ಲಿ ಯಾರೂ ಮಾಡುವುದಿಲ್ಲ. ಇಲ್ಲಿ ಹಳೆ ಎಣ್ಣೆಗೆ ಡಬ್ಬ ಹಿಡಿದು ಬರುವವರಿಲ್ಲವಲ್ಲ.

ಆರಿದ್ರಾ ಮಳೆಯ ವಿಶೇಷ ಏರ್ ಲಾಕ್. ಜೂನ್ ಕೊನೆಗೆ ಕಳೆ ಮೊಣಕಾಲುದ್ದ ಬಂದಿರುತ್ತದೆ, ಮೋಡ ಕವಿದಿರುತ್ತದೆ, ಇನ್ನೊಂದು ಸಾಲು ಮುಗಿಸಿಬಿಡೋಣ ಎನ್ನುವ ಆಸೆಯಲ್ಲಿ ಟ್ಯಾಂಕಿನ ತಳ ಕಾಣುತ್ತದೆ. ಡೀಸೆಲ್ ಎಂಜಿನ್ನಿಗೆ ಇದು ಪೆಟ್ರೋಲಿನಷ್ಟು ಸುಲಭವಲ್ಲ. ಟ್ಯಾಂಕು ತುಂಬಿಸಿದ ಮಾತ್ರಕ್ಕೆ ಹೊರಡುವುದಿಲ್ಲ. ಪೈಪಿನಲ್ಲಿ ಗಾಳಿ ಕೂತಿರುತ್ತದೆ. ಫಿಲ್ಟರಿನ ಬಳಿ ಒಂದು ಬೋಲ್ಟು, ಪಂಪಿನ ಬಳಿ ಇನ್ನೊಂದು. ಒಂದೊಂದನ್ನೇ ಸಡಿಲ ಮಾಡಿ ಗುಳ್ಳೆ ಗುಳ್ಳೆ ಡೀಸೆಲ್ ಹರಿಯಲು ಬಿಡಬೇಕು, ಗುಳ್ಳೆ ನಿಂತು ಸಲೀಸಾಗಿ ಬರುವಾಗ ಬಿಗಿಯಬೇಕು. ಅಣ್ಣ ಇದನ್ನು ಕಣ್ಣಿನಿಂದ ಅಲ್ಲ, ಹೆಬ್ಬೆರಳಿನಿಂದ ತಿಳಿಯುತ್ತಾನೆ. ನಾನು ಪುಟ 31 ಹುಡುಕುವಷ್ಟರಲ್ಲಿ ಟಿಲ್ಲರ್ ಎರಡು ಸಾಲು ಆಚೆ ಇರುತ್ತದೆ.

ಉತ್ತರೆಗೆ ಗ್ರೀಸ್. ಸೆಪ್ಟೆಂಬರ್ ಮಧ್ಯದಲ್ಲಿ ಉತ್ತರೆ ಹುಟ್ಟಿದರೆ ನಮ್ಮ ಕಡೆ ನಿಜವಾದ ಮಳೆ. ಕೆಸರು ಎಲ್ಲ ಕೀಲಿನೊಳಗೂ ನುಗ್ಗುತ್ತದೆ. ಗ್ರೀಸ್ ಗನ್ನು ಹಿಡಿದು ಒಂದೊಂದು ನಿಪ್ಪಲಿಗೂ ಒತ್ತಬೇಕು, ಆ ಕಡೆಯಿಂದ ಹಳೆ ಕರೀ ಗ್ರೀಸ್ ಇಣುಕುವ ತನಕ. ಬೆಲ್ಟನ್ನು ಹೆಬ್ಬೆರಳಲ್ಲಿ ಅದುಮಿ ನೋಡಬೇಕು. ಬಿಗಿಯಾದರೆ ಬೇರಿಂಗ್ ಅಳುತ್ತದೆ, ಸಡಿಲವಾದರೆ ಬೆಲ್ಟೇ ಅಳುತ್ತದೆ. ಕ್ಲಚ್ಚಿನ ವೈರಿಗೆ ಎರಡು ತೊಟ್ಟು ಎಣ್ಣೆ. ಟೈರಿಗೆ ಗಾಳಿ. ಇವು ಬೇಗ ಮುಗಿಯುವ ಕೆಲಸ, ಹೇಳಲು ಏನೂ ಇಲ್ಲ.

ಹೇಳಬೇಕಾದ್ದು ಬ್ಲೇಡಿನ ವಿಷಯ. ನೆಲ ಕಿವುಚುವ ಈ ತಿರುಗು ಬ್ಲೇಡುಗಳಿಗೆ ಈಗಿನ ರೂಪ ಕೊಟ್ಟವನು ಆಸ್ಟ್ರೇಲಿಯಾದ ಆರ್ಥರ್ ಕ್ಲಿಫರ್ಡ್ ಹೊವಾರ್ಡ್ ಎಂಬ ರೈತನ ಮಗ. 1912ರಲ್ಲಿ ಅಪ್ಪನ ಹೊಲದಲ್ಲಿ ಉಗಿ ಎಂಜಿನ್ನಿಗೆ ಸಿಕ್ಕಿಸಿ ನೋಡಿದಾಗ ಅವನ ಬ್ಲೇಡುಗಳು ಮಣ್ಣನ್ನು ಪಕ್ಕಕ್ಕೆ ಎರಚಿ ಹಾಕಿದವಂತೆ. ಅವನು ತಲೆ ಕೆಡಿಸಿಕೊಂಡು ಬ್ಲೇಡಿನ ತುದಿಯನ್ನು ಅಡ್ಡಕ್ಕೆ ಬಗ್ಗಿಸಿದ. ಮಣ್ಣು ಇದ್ದಲ್ಲೇ ಪುಡಿಯಾಗತೊಡಗಿತು. ಆ ಬಗ್ಗಿದ ತುದಿ ಇವತ್ತಿಗೂ ಹಾಗೇ ಇದೆ. ಅರ್ಧ ಬ್ಲೇಡು ಎಡಕ್ಕೆ ನೋಡುತ್ತವೆ, ಅರ್ಧ ಬಲಕ್ಕೆ. ಸವೆದದ್ದನ್ನು ಬದಲಾಯಿಸುವಾಗ ಎಡದ್ದನ್ನು ಬಲಕ್ಕೆ ಹಾಕಿದರೆ ಟಿಲ್ಲರ್ ಕುಣಿಯುತ್ತದೆ.

ಆದರೆ ಹೊವಾರ್ಡನ ಅಪ್ಪನ ಹೊಲದಲ್ಲಿ ತೆಂಗಿನ ಮರ ಇರಲಿಲ್ಲ. ನಮ್ಮ ತೋಟದಲ್ಲಿ ಬ್ಲೇಡಿಗೆ ಸಿಗುವ ವಸ್ತುಗಳ ಪಟ್ಟಿ ಯಾವ ಪುಸ್ತಕದಲ್ಲೂ ಇಲ್ಲ. ಎಡೆಮಟ್ಟೆ, ಸೋಗೆ, ಕತ್ತದ ಹಗ್ಗ, ಹಸುವಿನ ಹಳೆ ಮೂಗುದಾರ, ಯಾರದೋ ಸೀರೆಯ ಅಂಚು. ಎಲ್ಲಕ್ಕಿಂತ ಘೋರವಾದದ್ದು ಹನಿ ನೀರಾವರಿಯ ಪೈಪು. ಹುಲ್ಲಿನೊಳಗೆ ಅಡಗಿ ಮಲಗಿರುತ್ತದೆ. ತುದಿ ಸಿಕ್ಕಿತೆಂದರೆ ಅಣ್ಣ ಕ್ಲಚ್ಚು ಒತ್ತುವಷ್ಟರಲ್ಲಿ ಅರ್ಧ ಸಾಲಿನ ಪೈಪು ರೋಟರಿಗೆ ಉಂಡೆ ಸುತ್ತಿಕೊಂಡಿರುತ್ತದೆ. ಎಂಜಿನ್ ಆರಿಸಿ, ಕುಡುಗೋಲು ಹಿಡಿದು, ಮಲಗಿ ಕೊಯ್ಯಬೇಕು. ಆಗ ದಾರಿಯಲ್ಲಿ ಹೋಗುವವರು ಬೇಲಿಯ ಆಚೆಯಿಂದ ಕೇಳುತ್ತಾರೆ: "ಏನಣ್ಣ, ಕೂತ್ಕಂಡು ಹೊಡಿಯೋದು ಅಂದ್ರಲ್ಲ, ಮಲಿಕ್ಕಂಡಿದೀರಾ?"

ಬೇಲಿಯ ಆಚೆ ಎಂದಾಗ ಪಕ್ಕದ ತೋಟದವರ ಮಾತು ಬರಲೇಬೇಕು. ಅವರು ಸಹಜ ಕೃಷಿಕರು. ಉಳುವುದಿಲ್ಲ, ಅಗೆಯುವುದಿಲ್ಲ, ಹುಲ್ಲನ್ನು ಮುಟ್ಟುವುದಿಲ್ಲ. ತೆಂಗಿನ ಬೇರು ಬಹುಪಾಲು ಬುಡದಿಂದ ಎರಡು ಮೀಟರಿನೊಳಗೇ ಇರುತ್ತದೆ, ಅದನ್ನು ಕತ್ತರಿಸಿ ಮರದಿಂದ ಕಾಯಿ ಕೇಳುತ್ತೀರಲ್ಲ ಎಂದು ಅವರ ವಾದ. ವಾದ ಸರಿಯಾದದ್ದೇ. ಅಣ್ಣ ಒಪ್ಪುವುದಿಲ್ಲ, ಆದರೆ ಬುಡ ಬಂದಾಗ ಟಿಲ್ಲರನ್ನು ಎರಡು ಮಾರು ದೂರದಿಂದಲೇ ತಿರುಗಿಸುತ್ತಾನೆ. ಸೋತೆನೆಂದು ಬಾಯಿಂದ ಹೇಳದೆ ಒಪ್ಪುವ ಬಗೆ ಅದು. ಅವರು ಮಾತಿಗೊಮ್ಮೆ ಫುಕುವೋಕ ಹೆಸರು ತೆಗೆಯುತ್ತಾರೆ. ಮಸನೊಬು ಫುಕುವೋಕ 1975ರಲ್ಲಿ ತನ್ನ ಪುಸ್ತಕ ಬರೆದದ್ದು ಜಪಾನಿನಲ್ಲಿ. ಬೆಂಗಳೂರಿನ ವಿ.ಎಸ್.ಟಿ. ಕಂಪನಿ 1967ರಲ್ಲಿ ಟಿಲ್ಲರ್ ತಯಾರಿಕೆಗೆ ಕೈಜೋಡಿಸಿದ್ದು ಜಪಾನಿನ ಮಿತ್ಸುಬಿಷಿಯ ಜೊತೆ. ಟಿಲ್ಲರೂ ಜಪಾನಿನದು, ಟಿಲ್ಲರ್ ಬೇಡವೆನ್ನುವ ವಾದವೂ ಜಪಾನಿನದು. ಅಷ್ಟು ದೂರದಿಂದ ಹೊರಟ ಎರಡೂ ಶೆಟ್ಟಿಕೆರೆಯ ಒಂದೇ ಕತ್ತಾಳೆ ಬೇಲಿಯ ಎರಡು ಪಕ್ಕಕ್ಕೆ ಬಂದು ಇಳಿದಿವೆ.

ಟಿಲ್ಲರ್ ನಿಲ್ಲುವ ಜಾಗವೂ ಒಂದು ಸಮಸ್ಯೆ. ಅದು ಕೊಬ್ಬರಿ ಅಟ್ಟದ ಕೆಳಗೆ ನಿಲ್ಲುತ್ತದೆ. ನಮ್ಮ ಸೀಮೆಯ ಉಂಡೆ ಕೊಬ್ಬರಿಯ ರಹಸ್ಯವೇ ಈ ಅಟ್ಟ. ಬಲಿತ ಕಾಯಿಯನ್ನು ಮಟ್ಟೆ ಸಮೇತ ಮೇಲೆ ಹಾಕಿ ಹತ್ತು ಹನ್ನೊಂದು ತಿಂಗಳು ಮರೆತುಬಿಡಬೇಕು. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಿಟುಕು ಸದ್ದು ಬರಬೇಕು. ಟಿಲ್ಲರನ್ನು ಅಲ್ಲೇ ಶುರು ಮಾಡಿದರೆ ಅಟ್ಟದ ಮೇಲಿನ ಕಾಯೆಲ್ಲ ಒಟ್ಟಿಗೆ ಗಿಟಗುಟ್ಟುತ್ತವೆ. ಯಾವ ಮೂಲೆ ಒಣಗಿದೆ, ಯಾವ ಮೂಲೆ ಹಸಿ ಎಂದು ಸದ್ದಿನ ಮೇಲೇ ಹೇಳಬಲ್ಲೆ ಎಂದು ಅಣ್ಣನ ಅಂಬೋಣ. ಅತ್ತಿಗೆ ಇದಕ್ಕೆಲ್ಲ ಸೊಪ್ಪು ಹಾಕುವುದಿಲ್ಲ. ಹೊಗೆ ಅಟ್ಟಕ್ಕೆ ಹೋಗಬಾರದು, ಅಷ್ಟೆ. 2024ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿ ಬೆಂಬಲ ಬೆಲೆ ಕಟ್ಟಿತ್ತು. "ಡೀಸೆಲ್ ವಾಸನೆ ಕೊಬ್ಬರಿಗೂ ಬೇರೆ ರೇಟು ಇದೆಯಾ ಕೇಳ್ಕಂಡು ಬನ್ನಿ ತಿಪಟೂರು ಮಾರ್ಕೆಟ್ಟಲ್ಲಿ" ಎಂದು ಅತ್ತಿಗೆ ನನಗೇ ಹೇಳಿದರು, ಪುಸ್ತಕ ಓದುವವನು ನಾನೆಂದು. ಆದ್ದರಿಂದ ಪ್ರತಿ ಬೆಳಗ್ಗೆ ನಾವಿಬ್ಬರೂ ಸೇರಿ ನಾನೂರು ಕಿಲೋ ಕಬ್ಬಿಣವನ್ನು ಅಂಗಳಕ್ಕೆ ತಳ್ಳಿ ಆಮೇಲೆ ಹ್ಯಾಂಡಲ್ ಹೊಡೆಯಬೇಕು. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕು, ಸುತ್ತ ಹಿಡಿಯಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಉಳಿಯುವುದಿಲ್ಲ. ಇದೊಂದನ್ನು ಮಾತ್ರ ಅಣ್ಣ ಪುಸ್ತಕದಲ್ಲಿ ಇದ್ದ ಹಾಗೇ ಪಾಲಿಸುತ್ತಾನೆ.

ಮಹಾನವಮಿಯ ದಿನ ಇಷ್ಟೂ ಕೆಲಸವನ್ನು ದೇವರಿಗೆ ವಹಿಸಿಕೊಡುವುದು. ತೊಳೆದು, ವಿಭೂತಿ ಬಳಿದು, ಕುಂಕುಮ ಇಟ್ಟು, ಚಕ್ರಕ್ಕೆ ನಿಂಬೆಹಣ್ಣು, ಬೂದುಗುಂಬಳ. ಹೊಸ ಎಣ್ಣೆ ತುಂಬಿದ ಏರ್ ಕ್ಲೀನರಿಗೆ ಅತ್ತಿಗೆ ಭಕ್ತಿಯಿಂದ ಅರಿಶಿನ ಹಚ್ಚುತ್ತಾರೆ. ಅದರ ಅರ್ಧ ಒಳಗೆ ಹೋಗುತ್ತದೆ. ಮರುದಿನ ಮತ್ತೆ ಬಿಚ್ಚಬೇಕು.

ಹೀಗೆ ಟಿಲ್ಲರ್ ಪಂಚಾಂಗಕ್ಕೆ ಒಗ್ಗಿ ಸುಖವಾಗಿದ್ದಾಗ ಅಮೆರಿಕ ನಡುವೆ ಬಂತು. ಅಣ್ಣನ ಮಗಳನ್ನು ಕೊಟ್ಟಿರುವುದು ಒಹಾಯೊದಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ಹುಡುಗನಿಗೆ. ಒಳ್ಳೆಯವನು. ಆದರೆ ಮಾವನಿಗೂ ಅಳಿಯನಿಗೂ ಮಾತಾಡಲು ವಿಷಯ ಇರಲಿಲ್ಲ. ಭಾನುವಾರ ವಾಟ್ಸಾಪಿನಲ್ಲಿ ಮುಖ ಕಂಡರೆ "ಮಳೆ ಹೆಂಗಿದೆ ನಿಮ್ಮಲ್ಲಿ?" ಎಂದು ಇವನು, "ಸ್ನೋ ಇದೆ ಮಾವ" ಎಂದು ಅವನು, ಆಮೇಲೆ ಇಬ್ಬರೂ ಫೋನನ್ನು ಹೆಂಗಸರಿಗೆ ದಾಟಿಸುತ್ತಿದ್ದರು. ಒಂದು ಭಾನುವಾರ ಫೋನಿನಲ್ಲಿ ಅಳಿಯನ ಮುಖದ ಬದಲು ಒಂದು ಕೆಂಪು ಗಾಡಿ ಕಾಣಿಸಿತು. ಪುಟ್ಟ ಟ್ರ್ಯಾಕ್ಟರಿನಂಥದ್ದು, ಹೊಟ್ಟೆಯ ಕೆಳಗೆ ತಟ್ಟೆಯಂಥ ಮುಚ್ಚಳ, ಮೇಲೆ ಮೆತ್ತನೆಯ ಸೀಟು. ಕೂತು ಹುಲ್ಲು ಕತ್ತರಿಸುವ ಮಿಷನ್ನಂತೆ. ಅಳಿಯ ಅದರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ.

ಅಣ್ಣ ಫೋನನ್ನು ಯಾರಿಗೂ ಕೊಡಲಿಲ್ಲ.

"ಬ್ಲೇಡು ಎಷ್ಟು?"

"ಎರಡು ಮಾವ. ಬಿಚ್ಚಿ ಸಾಣೆ ಹಿಡಿಬೇಕು. ಅಡಿಯಲ್ಲಿ ಹುಲ್ಲು ಅಂಟ್ಕೊಂಡು ತುಕ್ಕು ಹಿಡಿಯತ್ತೆ, ಅದನ್ನ ಕೆರೀತಾ ಇದೀನಿ."

"ಎಡ ಬಲ ನೋಡಿ ಹಾಕಿ. ಆಯಿಲ್?"

"ವರ್ಷಕ್ಕೊಂದು ಸಲ, ಇಲ್ಲಾ ಐವತ್ತು ಗಂಟೆಗೆ. ಚಳಿಗಾಲ ಪೂರ್ತಿ ನಿಂತಿರತ್ತೆ, ಅದಕ್ಕೆ ಬ್ಯಾಟರಿ ಬಿಚ್ಚಿಡ್ತೀವಿ, ಪೆಟ್ರೋಲ್ ಕೆಡದೆ ಇರಲಿ ಅಂತ ಅದಕ್ಕೊಂದು ಔಷಧಿ ಹಾಕ್ತೀವಿ."

ಪೆಟ್ರೋಲೂ ಹಳಸುತ್ತದೆ ಎಂಬ ಸುದ್ದಿ ಅಣ್ಣನಿಗೆ ಒಂದು ವಾರ ಸಾಕಾಯಿತು. ಅದಕ್ಕಿಂತ ದೊಡ್ಡ ಸುದ್ದಿ ಮುಂದಿನ ಭಾನುವಾರ ಬಂತು. ಅಲ್ಲಿ ಬಹಳಷ್ಟು ಊರುಗಳಲ್ಲಿ ಮನೆ ಮುಂದಿನ ಹುಲ್ಲು ಎಂಟೋ ಹತ್ತೋ ಇಂಚು ಮೀರಿದರೆ ನಗರಸಭೆಯಿಂದ ನೋಟಿಸು, ಆಮೇಲೆ ದಂಡ. "ಪಂಚಾಯ್ತಿಯವ್ರೇ ಬಂದು ಹುಲ್ಲು ಅಳೀತಾರಾ?" ಎಂದು ಅಣ್ಣ ಮೂರು ಸಲ ಕೇಳಿದ. ಆಮೇಲೆ ನನ್ನ ಕಡೆ ತಿರುಗಿ, ಪಕ್ಕದ ತೋಟದ ಕಡೆ ಗದ್ದ ಎತ್ತಿ, "ಇವ್ರು ಅಲ್ಲಿದ್ರೆ ಮನೆ ಮಠ ಮಾರ್ಕಬೇಕಾಗಿತ್ತು" ಅಂದ.

ನಾನೂ ನನ್ನ ಪಾಲಿನ ಓದನ್ನು ಸೇರಿಸಿದೆ. ಹುಲ್ಲು ಕತ್ತರಿಸುವ ಮಿಷನ್ನು ಹುಟ್ಟಿದ್ದು ಹುಲ್ಲಿನಿಂದಲ್ಲ, ಉಣ್ಣೆಯಿಂದ. ಇಂಗ್ಲೆಂಡಿನ ಸ್ಟ್ರೌಡ್ ಊರಿನ ಗಿರಣಿಗಳಲ್ಲಿ ಉಣ್ಣೆ ಬಟ್ಟೆಯ ಮೇಲಿನ ಜುಂಗನ್ನು ಹೆರೆಯುವ ಯಂತ್ರ ನೋಡಿ, ಎಡ್ವಿನ್ ಬಡ್ಡಿಂಗ್ ಎಂಬಾತ ಅದನ್ನೇ ನೆಲದ ಮೇಲೆ ಉರುಳಿಸಬಹುದೆಂದು ಯೋಚಿಸಿ 1830ರಲ್ಲಿ ಪೇಟೆಂಟ್ ಪಡೆದ. ಅಕ್ಕಪಕ್ಕದವರು ನಗುತ್ತಾರೆಂದು ರಾತ್ರಿ ಹೊತ್ತಿನಲ್ಲಿ ಓಡಿಸಿ ನೋಡುತ್ತಿದ್ದನೆಂಬ ಕಥೆಯೂ ಇದೆ. ಅಣ್ಣನಿಗೆ ಉಣ್ಣೆಯ ಸಂಗತಿ ತಟ್ಟಲಿಲ್ಲ. ರಾತ್ರಿಯ ಸಂಗತಿ ತಟ್ಟಿತು. "ಅವ್ನಿಗೂ ನಮ್ಮ ಬೀದಿಯಂಥದೇ ಬೀದಿ" ಅಂದ.

ಡಿಸೆಂಬರಿನಲ್ಲಿ ಅಳಿಯ ಮಗಳು ಬಂದರು. ಎರಡನೇ ದಿನವೇ ಅಳಿಯ ಟಿಲ್ಲರಿನ ಸೀಟಿನ ಮೇಲಿದ್ದ. ನಮ್ಮ ತೋಟ ಕೆರೆಯ ಕಡೆಗೆ ಇಳಿಜಾರು. ಟಿಲ್ಲರಿಗೆ ಸ್ಟೇರಿಂಗ್ ಚಕ್ರ ಇಲ್ಲ. ಎಡಗೈಯ ಕ್ಲಚ್ಚು ಒತ್ತಿದರೆ ಎಡಕ್ಕೆ, ಬಲಗೈಯದು ಒತ್ತಿದರೆ ಬಲಕ್ಕೆ. ಇದು ಸಮನೆಲದ ಮಾತು. ಇಳಿಜಾರಿನಲ್ಲಿ ಉಲ್ಟಾ. ಇಳಿಯುವಾಗ ಎಂಜಿನ್ನೇ ಚಕ್ರಗಳನ್ನು ಹಿಡಿದು ನಿಲ್ಲಿಸಿರುತ್ತದೆ. ಎಡದ ಕ್ಲಚ್ಚು ಒತ್ತಿ ಎಡಚಕ್ರವನ್ನು ಬಿಟ್ಟರೆ ಅದು ಹಿಡಿತ ತಪ್ಪಿ ಮುಂದೆ ಓಡುತ್ತದೆ, ಗಾಡಿ ಬಲಕ್ಕೆ ತಿರುಗುತ್ತದೆ. ಪುಸ್ತಕದಲ್ಲಿ ಇದಕ್ಕೆ ದಪ್ಪ ಅಕ್ಷರದ ಎಚ್ಚರಿಕೆ ಇದೆ. ನಾನು ಅದನ್ನು ಜೋರಾಗಿಯೇ ಓದಿ ಹೇಳಿದೆ. ಹದಿಮೂರು ಹಾರ್ಸ್ ಪವರಿನ ಮುಂದೆ ಮೇಷ್ಟರ ಗಂಟಲು ಎಷ್ಟು ದೂರ ಹೋದೀತು?

ಬಲಗಡೆ ಕತ್ತಾಳೆ ಬೇಲಿ ಹತ್ತಿರವಾಗುತ್ತಿದೆ ಎಂದು ಅಳಿಯ ಎಡಗೈ ಒತ್ತಿದ. ಟಿಲ್ಲರ್ ಬೇಲಿಯ ಕಡೆಗೇ ತಿರುಗಿತು. ಇನ್ನೂ ಬಿಗಿಯಾಗಿ ಒತ್ತಿದ. ಬೇಲಿ ಮುರಿದು, ಸಹಜ ಕೃಷಿಯ ತೋಟಕ್ಕೆ ನುಗ್ಗಿ, ವರ್ಷಗಟ್ಟಲೆ ನೇಗಿಲು ಕಾಣದ ನೆಲವನ್ನು ಐದಾರು ಮಾರು ಹದವಾಗಿ ಉತ್ತು, ಎಲೆ ಕಸದ ರಾಶಿಗೆ ಮೂತಿ ತೂರಿಸಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಪಕ್ಕದವರು ಓಡಿ ಬಂದರು. ಉತ್ತ ಮಣ್ಣನ್ನು ನೋಡಿದರು. ಬೊಗಸೆಯಲ್ಲಿ ಎತ್ತಿ ಮೂಸಿದರು. ಅಮೆರಿಕದ ಅಳಿಯನ ಮುಂದೆ ಏನನ್ನೂ ಅನ್ನದೆ, "ಕಾಫಿ ಕುಡ್ಕಂಡು ಹೋಗಿ" ಅಂದರು. ಹತ್ತು ದಿನ ಬಿಟ್ಟು ಬೇಲಿ ಸರಿ ಮಾಡಲು ಹೋದಾಗ ನೋಡಿದರೆ, ಆ ಐದಾರು ಮಾರು ಜಾಗದಲ್ಲಿ ಮಾತ್ರ ದಂಟಿನ ಸೊಪ್ಪು ಸಾಲು ಹಿಡಿದು ಹುಟ್ಟಿತ್ತು. ನಾವು ನೋಡಲಿಲ್ಲವೆಂಬಂತೆ ಗೂಟ ಹೊಡೆದು ಬಂದೆವು.

ಅಳಿಯ ವಾಪಸು ಹೋದ ಮೇಲೆ ಒಂದು ಪೊಟ್ಟಣ ಕಳಿಸಿದ. ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಕರಿಯ ಡಬ್ಬಿ, ಮೇಲೆ ಅಂಕಿ. ಎಂಜಿನಿನ ಹತ್ತಿರ ಸಿಕ್ಕಿಸಿದರೆ ಅದುರಿದಷ್ಟು ಹೊತ್ತನ್ನು ಗಂಟೆ ಲೆಕ್ಕದಲ್ಲಿ ತೋರಿಸುತ್ತದೆ. ನನ್ನ ಹಾಜರಿ ಪುಸ್ತಕದ ಕನಸು ಕೊನೆಗೂ ನನಸಾಯಿತೆಂದು ನಾನೇ ಮುಂದೆ ನಿಂತು ಅಂಟಿಸಿದೆ. ಅಣ್ಣ ಅದನ್ನು ಅನುಮಾನದಿಂದಲೇ ನೋಡಿದ. ಟಿಲ್ಲರಿಗೆ ಟ್ರೇಲರ್ ಕಟ್ಟಿ ಕೊಬ್ಬರಿ ಮೂಟೆ ಸಾಗಿಸಿದರೂ ಎಣಿಸುತ್ತದಾ? ಎಣಿಸುತ್ತದೆ. ಬೀದಿಯವರು ಎರವಲು ಒಯ್ದು 'ಅರ್ಧ ಗಂಟೆ ಹೊಡೆದೆ ಅಷ್ಟೆ' ಅಂದರೆ? ಅದೂ ಗೊತ್ತಾಗುತ್ತದೆ. ಈ ಎರಡನೆಯದರಿಂದ ಊರಿನಲ್ಲಿ ಡಬ್ಬಿಗೆ ಒಳ್ಳೆಯ ಹೆಸರು ಬರಲಿಲ್ಲ, ಎರವಲು ಕೇಳುವವರು ಮಾತ್ರ ಕಡಿಮೆಯಾದರು.

ಏಪ್ರಿಲ್ ಕೊನೆ ಬಂತು. ಅಣ್ಣ ಕ್ಯಾಲೆಂಡರ್ ಇಳಿಸಿದ, ನಾನು ಡಬ್ಬಿಯ ಅಂಕಿ ನೋಡಿದೆ. ಹೊಸದಾಗಿ ಹಾಕಿದಾಗಿನಿಂದ ನೂರರ ಹತ್ತಿರ ಹತ್ತಿರ ಬಂದಿತ್ತು. ಅಂಗಳದಲ್ಲಿ ಡಬ್ಬದವರು ಆಗಲೇ ಸೇರಿದ್ದರು. ಇಷ್ಟು ವರ್ಷದ ಭರಣಿ ಲೆಕ್ಕಕ್ಕೆ ಅಮೆರಿಕದ ಸಾಕ್ಷಿ ಸಿಕ್ಕಿತೆಂದು ನಾನು ಉತ್ಸಾಹದಿಂದ ಅಂಕಿ ಓದಿ ಹೇಳಿದೆ. ಅಣ್ಣ ಬಗ್ಗಿ ಡಬ್ಬಿ ನೋಡಿ, ಮೇಲಿನ ಧೂಳನ್ನು ಹೆಬ್ಬೆರಳಲ್ಲಿ ಒರೆಸಿದ.

"ಪರವಾಗಿಲ್ಲ ಕಣೋ, ಮೀಟರು ಸರಿಯಾಗೇ ತೋರಿಸ್ತಿದೆ" ಅಂದ.

ಆ ಭಾನುವಾರ ಅಳಿಯನ ಮುಖ ಫೋನಿನಲ್ಲಿ ಕಂಡ ಕೂಡಲೇ ಕ್ಷೇಮ ಸಮಾಚಾರಕ್ಕೂ ಕಾಯಲಿಲ್ಲ.

"ಭರಣಿ ಹುಟ್ತು. ನಿಮ್ಮ ಮಿಷನ್ನಿಗೂ ಆಯಿಲ್ ಬದ್ಲಾಯಿಸಿಬಿಡಿ."

"ಹೋದ ವಾರಾನೇ ಬದಲಾಯಿಸಿದೆ ಮಾವ. ಇಲ್ಲಿ ಹುಲ್ಲು ಬರಕ್ಕೆ ಶುರುವಾಯ್ತು."

ಅಣ್ಣ ಸ್ವಲ್ಪ ಹೊತ್ತು ಯೋಚಿಸಿದ.

"ಅಶ್ವಿನೀಲೇ ಹಾಕ್ಬಿಟ್ರಾ? ಒಂಚೂರು ಅವಸರ ಆಯ್ತು. ಇರ್ಲಿ ಬಿಡಿ, ಹಳೇ ಆಯಿಲ್ ಯಾರಿಗ್ ಕೊಟ್ರಿ?"